ಡ್ಯಾಶ್‌ಬೋರ್ಡಿನಿಂದ ಎದ್ದ ಪದ್ಮಾವತಿ ತಾಯಿ

ಎಲ್ಲ ಧರ್ಮಬಂಧುಗಳಿಗೆ ಜೈ ಜಿನೇಂದ್ರ. ನಾನು ಬೆಳಗಾವಿಯ ವಡಗಾವಿಯವನು, ಶಾಲೆಗೆ ತಡವಾಗಿ ಸೇರಿದವನು. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಳೆದ ಮಳೆಗಾಲದಲ್ಲಿ ನನ್ನ ಮಗಳು ತ್ರಿಶಲಾ ತುಂಬಿದ ಬಸುರಿ. ಕಣಕುಂಬಿಯ ಆಚೆ ಕಾಡೊಳಗಿನ ಒಂದು ಊರಿನಲ್ಲಿ ಶಿಕ್ಷಕಿ. ಅಳಿಯ ಸೈನ್ಯದಲ್ಲಿದ್ದಾನೆ. ಒಂದು ಬೆಳಿಗ್ಗೆ ಫೋನು ಮಾಡಿ, “ಅಪ್ಪಾ, ರಕ್ತ ಹೋಗಾಕತ್ತೈತಿ, ಲಗೂನ ಬಾ” ಎಂದಳು. ದಾರಿ ಪೂರ್ತಿ ಕೆಸರು, ಆಂಬುಲೆನ್ಸ್ ಆ ಊರೊಳಗೆ ಬರುವಂತಿರಲಿಲ್ಲ.

ನನ್ನ ಗಾಡಿ ಹಳೆಯದು. ಒಳಗೆ ಸಣ್ಣ ಕಾರು, ನಿಲುವು ಮಾತ್ರ ಜೀಪಿನಷ್ಟು ಎತ್ತರ. ಪೆಟ್ರೋಲ್ ಬಹಳ ಕುಡಿಯುತ್ತದೆ. ನಾಲ್ಕೂ ಗಾಲಿ ಎಳೆಯುತ್ತವೆ ಎಂದೇ ಅದನ್ನು ತಂದಿದ್ದೆ. ತಂದ ದಿನ ಪೂಜೆ ಮಾಡಿ, ಸ್ಟೇರಿಂಗಿನ ಬಾಜುವಿಗೆ ಸಪಾಟಾದ ಜಾಗ ನೋಡಿ ಪದ್ಮಾವತಿ ತಾಯಿಯ ಹಿತ್ತಾಳೆ ಮೂರ್ತಿಯನ್ನು ಗಮ್ ಹಚ್ಚಿ ಕೂರಿಸಿದ್ದೆ. ನಮ್ಮ ಓಣಿಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ.

ಮಗಳನ್ನು ಹಿಂದಿನ ಸೀಟಿನಲ್ಲಿ ಹೆಂಡತಿಯ ತೊಡೆಯ ಮೇಲೆ ಮಲಗಿಸಿ ಹೊರಟೆವು. ಬರುವಾಗ ಇಳಿಜಾರಾಗಿದ್ದ ದಾರಿ ಈಗ ಏರು. ಅಲ್ಲಿ ಗಾಡಿ ಹೂತಿತು. ಮುಂದಿನ ಗಾಲಿಗಳು ನಿಂತಲ್ಲೇ ತಿರುಗಿದವು, ಹಿಂದಿನವು ಕದಲಲೇ ಇಲ್ಲ. ಕಲ್ಲು ಇಟ್ಟೆ, ಟೊಂಗೆ ಇಟ್ಟೆ. ಫೋನಿಗೆ ರೇಂಜ್ ಇರಲಿಲ್ಲ.

“ನಾಕೂ ಗಾಲಿ ಎಳೀತಾವ ಅಂತ ಓಣಿ ತುಂಬ ಹೇಳ್ಕೊಂಡ ಬಂದ್ರಿ. ಒಂದರ ಎಳೀಲಿ ನೋಡೂಣು!” ಹೆಂಡತಿ ಬೈಯುತ್ತಲೇ ಅಳುತ್ತಿದ್ದಳು.

“ಅಪ್ಪಗ ಬೈಬ್ಯಾಡವ್ವಾ,” ಎಂದಳು ಮಗಳು. “ಹೊಟ್ಟ್ಯಾಗ ಕೂಸು ಹೊರಳವಲ್ದು.”

ನಾನು ಗಾಡಿಯೊಳಗೆ ಬಂದು ಕೂತೆ. ಮೂರ್ತಿಯನ್ನು ಎರಡೂ ಕೈಯಿಂದ ಹಿಡಿದು, ಹಣೆ ಹಚ್ಚಿ, “ತಾಯಿ, ಇಬ್ಬರ್ನೂ ಉಳಸವ್ವಾ” ಎಂದೆ. ಥಂಡಿಗೆ ಗಮ್ ಬಿಟ್ಟಿತ್ತೋ ಏನೋ, ಮೂರ್ತಿ ಕಿತ್ತು ಕೈಗೆ ಬಂತು. ಮುಗಿಯಿತು, ತಾಯಿಯೇ ನಮ್ಮನ್ನು ಬಿಟ್ಟಳು ಎನಿಸಿತು.

“ಅಲ್ಲೇನ್ರಿ ಅದು, ಗುಂಡಿ?” ಹಿಂದಿನಿಂದ ಹೆಂಡತಿ ಕೇಳಿದಳು.

ತಾಯಿ ಕುಳಿತಿದ್ದ ಜಾಗದಲ್ಲಿ ಒಂದು ಸ್ವಿಚ್ಚಿನ ಗುಂಡಿಯಿತ್ತು. ಅದರ ಮೇಲೆ ನಾಲ್ಕು ಗಾಲಿ, ನಡುವೆ ಬೀಗದ ಚಿತ್ರ. ಒತ್ತಿದೆ. ಮೀಟರಿನಲ್ಲಿ ದೀಪ ಹತ್ತಿತು. ಮೆಲ್ಲಗೆ ಎಕ್ಸಲೇಟರ್ ತುಳಿದೆ. ಯಾರೋ ಹಿಂದಿನಿಂದ ದೂಡಿದಂತೆ ಗಾಡಿ ಮೇಲೆದ್ದಿತು. ಆ ಗುಂಡಿ ಒತ್ತದಿದ್ದರೆ ಮುಂದಿನ ಎರಡು ಗಾಲಿ ಮಾತ್ರ ಎಳೆಯುತ್ತವಂತೆ, ವೇಗ ಹೆಚ್ಚಿದರೆ ಬೀಗ ತಾನೇ ಬಿಡುತ್ತದಂತೆ. ಇದು ನನಗೆ ಗೊತ್ತಾದದ್ದು ಆಮೇಲೆ.

ಖಾನಾಪುರದಲ್ಲಿ ಸಲೈನ್ ಹಚ್ಚಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಳಗಾವಿಗೆ ಕಳಿಸಿದರು. ಸಂಜೆ ಡಾಕ್ಟರಮ್ಮ ಹೊರಬಂದರು.

“ಕುಂದರ್ರಿ ಕಾಕಾ. ಕೂಸು ಉಳೀಲಿಲ್ರಿ. ಇನ್ನೊಂದೀಟು ತಡಾ ಆಗಿದ್ರ ಮಗಳೂ ಉಳೀತಿರಲಿಲ್ಲ.”

ಮಗಳನ್ನು ಉಳಿಸಿದವಳು ತಾಯಿಯೇ ಎಂದರೆ ಅನಗೋಳದಲ್ಲಿರುವ ನಮ್ಮಣ್ಣ ಒಪ್ಪುವುದಿಲ್ಲ. “ಗುಂಡಿ ಕೊಟ್ಟಾಂವ ಕಂಪನಿಯಾಂವ, ಮುಚ್ಚಿದಾಂವ ನೀ. ನಡುವ ತಾಯಿ ಏನ ಮಾಡಿದ್ಲೋ?” ಎನ್ನುತ್ತಾನೆ.

“ನಾ ಕುಂದರ್ಸಿದ ಜಾಗಾ ಬಿಟ್ಟು ಎದ್ಲಲ್ಲಣ್ಣಾ,” ಎಂದೆ. ನನಗೆ ಅಷ್ಟು ಸಾಕು.

ಮಗಳು ಈಗ ನಮ್ಮ ಮನೆಯಲ್ಲಿದ್ದಾಳೆ. ಊಟ ಮಾಡುತ್ತಾಳೆ, ಮಾತು ಕಡಿಮೆ. ಬೆಳಿಗ್ಗೆ ನಾನು ದೀಪ ಹಚ್ಚುವಾಗ ದೇವರ ಕೋಣೆಯ ಬಾಗಿಲ ತನಕ ಬರುತ್ತಾಳೆ, ಒಳಗೆ ಬರುವುದಿಲ್ಲ. ನಾನೂ ಕರೆಯುವುದಿಲ್ಲ. ಬಾಗಿಲಲ್ಲಿ ನಿಂತಿದ್ದಾಳಲ್ಲ, ಅದಕ್ಕೇ ಸಾಯುವ ತನಕ ತಾಯಿಗೆ ನಾನು ಋಣಿ.

ನಿಮ್ಮಲ್ಲಿ ಯಾರಾದರೂ ಇಬ್ಬರನ್ನು ಬೇಡಿ ಒಬ್ಬರನ್ನು ಪಡೆದಿದ್ದರೆ, ಆ ಒಬ್ಬರನ್ನು ಮತ್ತೆ ದೇವರ ಮುಂದೆ ಹೇಗೆ ಕರೆತಂದಿರಿ? ದಯಮಾಡಿ ಬರೆಯಿರಿ.