ಸೊಂಟದ ಮೇಲೊಂದು ತಟ್ಟು

ಶುಕ್ರವಾರ ಮಧ್ಯಾಹ್ನ ಡೋರೀನ್ ಪಿರೋಗಿ ಕಡುಬಿಗೆ ಹಿಟ್ಟು ನಾದುತ್ತಿದ್ದಾಗ ಅವಳ ಗಂಡ ವಾಲ್ಟ್ ಮತ್ತೆ ಹಿತ್ತಲಿನಲ್ಲಿ ಬಗ್ಗಿ ನಿಂತಿದ್ದ. ಕಾಲು ಅಗಲಿಸಿ, ಬಲಗೈಯನ್ನು ಹುಲ್ಲಿಗೂರಿ, ಕತ್ತೆತ್ತಿ ರಸ್ತೆಯ ಬದಿಯ ಬೇಲಿಯನ್ನೇ ನೋಡುತ್ತಿದ್ದ. ಎಪ್ಪತ್ತು ದಾಟಿದ ಆ ಭಾರಿ ದೇಹ ಒಂದಿಷ್ಟೂ ಅಲುಗುತ್ತಿರಲಿಲ್ಲ.

ವಾಲ್ಟ್ ಜೆಲಿನ್ಸ್ಕಿ ಪೆನ್ಸಿಲ್ವೇನಿಯದ ಗಣಿ ಕೆಲಸಗಾರನೊಬ್ಬನ ಮಗ. ಮೊಣಕಾಲು ಕೈಕೊಡುವ ತನಕ ವೃತ್ತಿಪರ ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿ, ಊರಿಗೆ ಮರಳಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ತಂಡದಲ್ಲಿ ಅವನು ಸೆಂಟರ್. ಬಗ್ಗಿ ನಿಂತು, ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಿನವನಿಗೆ ಕೊಟ್ಟು, ಮರುಕ್ಷಣವೇ ಎದುರಾಳಿಗೆ ತಲೆಯಿಂದ ಗುದ್ದುವುದು ಅವನ ಕೆಲಸ. ಹಿಂದಿನವನು ಕೂಗಿದಾಗಲೇ ಚೆಂಡು ಬಿಡಬೇಕು. ಪರವೂರಿನ ಮೈದಾನಗಳಲ್ಲಿ ಜನರ ಗದ್ದಲಕ್ಕೆ ಆ ಕೂಗು ಕೇಳಿಸುತ್ತಿರಲಿಲ್ಲ. ಆಗ ಪಕ್ಕದಲ್ಲಿ ನಿಂತ ಜೊತೆ ಆಟಗಾರ ಹೋಬಿ ಹಿಂದಿರುಗಿ ಸನ್ನೆ ನೋಡಿ, ಇವನ ಸೊಂಟಕ್ಕೆ ಒಮ್ಮೆ ತಟ್ಟುತ್ತಿದ್ದ. ಅದಕ್ಕೂ ಮೊದಲು ಕದಲಿದರೆ ತಂಡಕ್ಕೆ ದಂಡ.

ಗುದ್ದಾಟದಲ್ಲಿ ಸವೆದ ಮಿದುಳು ಮಗಳ ಹೆಸರನ್ನೂ ಮರೆತಿದೆ. ಇದನ್ನು ಮಾತ್ರ ಮರೆತಿಲ್ಲ. ಬಗ್ಗಿ ನಿಂತನೆಂದರೆ ಬೈದರೂ ಎಳೆದರೂ ಏಳುವುದಿಲ್ಲ. ಡೋರೀನ್ ಹೋಗಿ ತಟ್ಟಿದರೆ ಎದ್ದು ತೆಪ್ಪಗೆ ಊಟಕ್ಕೆ ಬರುತ್ತಾನೆ.

ಒಲೆಯ ಮುಂದಿದ್ದ ಮಗಳು ಕ್ರಿಸ್ಟಾ ಹಳೆಯ ಮಾತೆತ್ತಿದಳು. “ಆರೈಕೆ ಮನೇಲಿ ಒಂದು ರೂಮು ಖಾಲಿ ಇದೆಯಂತಮ್ಮ. ಅಪ್ಪ ಹೀಗೇ ಒಂದಿನ ರಸ್ತೆಗೆ ನುಗ್ಗಿದ್ರೆ ಏನ್ ಮಾಡ್ತೀಯ?”

“ನಾನು ತಟ್ಟೋ ತನಕ ಅವನೆಲ್ಲೂ ನುಗ್ಗಲ್ಲ ಕಣೇ. ಅಲ್ಲೀವರೆಗೂ ಇದೇ ಅವನ ಮನೆ. ನಿನ್ನ ಗಂಡ ನಿನ್ನ ಮಾತು ಇಷ್ಟು ಕೇಳ್ತಾನಾ?”

“ಅವನಾ? ಒದ್ರೂ ಸೋಫಾ ಬಿಟ್ಟು ಏಳಲ್ಲ.”

ಡೋರೀನ್ ನಗುತ್ತಲೇ ಕೈಯ ಹಿಟ್ಟು ಕೊಡವಿ ಕಿಟಕಿಯತ್ತ ತಿರುಗಿದಳು. ಹಿತ್ತಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ವಾಲ್ಟ್‌ನ ಅಂಗಿ ಸೊಂಟದ ಬಳಿ ಒಳಕ್ಕೆ ಒತ್ತಿಕೊಂಡಿತು, ಯಾರೋ ಅಂಗೈ ಇಟ್ಟು ತೆಗೆದ ಹಾಗೆ. ಅವನ ಬಲಗೈ ಸರ್ರನೆ ಹಿಂದಕ್ಕೆ ಹೋಯಿತು. ಬೇಲಿ ಮುರಿದ ಸದ್ದು ಕೇಳಿಸಿತು.

ಇಬ್ಬರೂ ಓಡಿ ಹೋದಾಗ ಅವನು ರಸ್ತೆಯ ನಡುವೆ, ಬ್ರೇಕ್ ಹಾಕಿ ನಿಂತ ಲಾರಿಯೊಂದರ ಮೂತಿಗೆ ಭುಜ ಕೊಟ್ಟು ನಿಂತಿದ್ದ.

“ಏನಜ್ಜಾ, ಸಾಯೋಕೆ ನನ್ನ ಲಾರೀನೇ ಬೇಕಿತ್ತಾ?” ಎಂದು ಚಾಲಕ ಕೂಗುತ್ತಿದ್ದ.

“ಯಾರು ನಿನ್ನ ತಟ್ಟಿದ್ದು, ವಾಲ್ಟ್?” ಡೋರೀನ್ ಕೇಳಿದಳು.

“ಹೋಬಿ.” ವಾಲ್ಟ್‌ನ ಮುಖ ಅರಳಿತ್ತು. “ಕೈ ಎಷ್ಟು ತಣ್ಣಗಿತ್ತು ಗೊತ್ತಾ!”

ಹೋಬಿಯನ್ನು ಮಣ್ಣು ಮಾಡಿ ಆಗಲೇ ಎರಡು ಚಳಿಗಾಲ ಕಳೆದಿದ್ದವು.

“ಆ ರೂಮಿಗೆ ಫೋನ್ ಮಾಡು ಕಣೇ,” ಎಂದಳು ಡೋರೀನ್ ಮಗಳಿಗೆ. ಸೋಮವಾರ ಬೆಳಿಗ್ಗೆ ವಾಲ್ಟ್‌ನನ್ನು ಆರೈಕೆ ಮನೆಗೆ ಸೇರಿಸುತ್ತಾರೆ.