ಸ್ಪ್ಯಾನಿಷ್‌ಗೆ ವಿನಾಯಿತಿ

ಲೊರೇನ್ ಹುಡೆಕ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಯೋವಾದ ಆ ಭಾಗದ ಐದು ಶಾಲೆಗಳಲ್ಲೂ ಮಾತು. ಇರಲಿ ಬಿಡಿ, ಆ ಸಿಟ್ಟು ಪುಕ್ಕಟೆ ಬಂದದ್ದಲ್ಲ. ಐವತ್ತೊಂಬತ್ತರ ಆಕೆಗೆ ಎರಡು ಕಿವಿಯೂ ಹುಟ್ಟಿನಿಂದಲೇ ಮಂದ. ತನ್ನಂಥದೇ ಕಿವಿಯ ಮಕ್ಕಳಿಗೆ ಪಾಠದಲ್ಲಿ ಬೆನ್ನಿಗೆ ನಿಲ್ಲುವುದು ಕೆಲಸ. ವಾರವಿಡೀ ಮುಸುಕಿನ ಜೋಳದ ಹೊಲಗಳ ನಡುವೆ ಕಾರು ಓಡಿಸಿಕೊಂಡು ಶಾಲೆಯಿಂದ ಶಾಲೆಗೆ ತಿರುಗಾಟ.

ಅವಳೂ ಹದಿನಾರರಲ್ಲಿ ಸ್ಪ್ಯಾನಿಷ್ ತರಗತಿಗೆ ಸೇರಿದ್ದಳು. ತಲೆಗೆ ಹೆಡ್‌ಫೋನ್ ಸಿಕ್ಕಿಸಿ ಟೇಪು ಹಾಕಿದರು. ಕೇಳಿಸಿದ್ದು ಬರೀ ಗೊರಗೊರ. ಮೇಷ್ಟರು ಮರುಕಪಟ್ಟು, "ನಿನಗ್ಯಾಕಮ್ಮ ಈ ಕಷ್ಟ" ಎಂದು ವಿನಾಯಿತಿ ಬರೆದುಕೊಟ್ಟರು. ಎಂಥ ಒಳ್ಳೆಯ ಮನುಷ್ಯ ಎಂದು ಅವಳ ಅಮ್ಮ ಆತನಿಗೆ ಸೇಬಿನ ಪೈ ಮಾಡಿ ಕಳಿಸಿದ್ದಳು. ಎರಡು ವರ್ಷದ ಮೇಲೆ ವಿಶ್ವವಿದ್ಯಾಲಯದಿಂದ ಅರ್ಜಿ ವಾಪಸು ಬಂತು. ಎರಡು ವರ್ಷ ಪರಭಾಷೆ ಓದಿರಬೇಕಿತ್ತು, ಓದಿಲ್ಲ, ಹೋಗಿಬನ್ನಿ. ಒಂಬತ್ತು ವರ್ಷ ಮಾಂಸದ ಕಾರ್ಖಾನೆಯಲ್ಲಿ ಹಂದಿ ಕೊಯ್ದ ಮೇಲೆಯೇ ಅವಳು ಕಾಲೇಜು ಕಂಡದ್ದು. ಯಾರಾದರೂ ವಿನಾಯಿತಿ ಎಂದರೆ ಸಾಕು, ಅವಳಿಗೆ ಪಿತ್ತ ನೆತ್ತಿಗೇರುತ್ತದೆ.

ಈಗ ಅದೇ ಕಾಗದ ಆಡ್ರಾ ಕೂಪ್ಮನ್ ಎಂಬ ಹನ್ನೊಂದನೇ ತರಗತಿಯ ಹುಡುಗಿಯ ಮುಂದೆ ಬಂದಿತ್ತು. ಆಡ್ರಾಗೆ ದನದ ಡಾಕ್ಟರಾಗುವ ಹಟ. ಅದಕ್ಕೆ ವಿಶ್ವವಿದ್ಯಾಲಯ ಬೇಕು, ಅಲ್ಲಿಗೆ ಎರಡು ವರ್ಷದ ಪರಭಾಷೆ ಬೇಕು. ಒಂದು ವರ್ಷ ಮುಗಿದಿತ್ತು. ಓದು, ಬರಹ ಎಲ್ಲದರಲ್ಲೂ ಹುಡುಗಿ ಮುಂದು. ಆದರೆ ಎರಡನೇ ವರ್ಷದ ಪರೀಕ್ಷೆಯಲ್ಲಿ ನೂರಕ್ಕೆ ನಲವತ್ತು ಅಂಕ ಕೇಳಿ ಬರೆಯುವುದಕ್ಕೆ, ಆ ದನಿ ಬರುವುದು ಚಾವಣಿಯ ಸ್ಪೀಕರಿನಿಂದ. ಮೇಲಿನಿಂದ ಬರುವ ದನಿ ಅವಳಿಗೆ ಬರೀ ಗದ್ದಲ, ಪರಭಾಷೆಯಾದರಂತೂ ತುಟಿ ಕಾಣಲೇಬೇಕು. ಕಿವಿ ಕೇಳದವಳಿಗೆ ಪರಭಾಷೆಯಾಗಿ ಸನ್ನೆಭಾಷೆ ಸಾಕಲ್ಲ ಎನ್ನುವ ಜಾಣರೂ ಇದ್ದರು. ಆಡ್ರಾಗೆ ಸನ್ನೆಯ ಗಂಧಗಾಳಿಯಿಲ್ಲ, ನೂರು ಮೈಲಿಯೊಳಗೆ ಅದನ್ನು ಕಲಿಸುವವರೂ ಇಲ್ಲ. ಲೊರೇನ್ ಕೇಳಿದ್ದು ಇಷ್ಟೇ: ಸ್ಪ್ಯಾನಿಷ್ ಟೀಚರು ಹುಡುಗಿಯ ಎದುರು ಕೂತು, ಮುಖ ಕಾಣುವಂತೆ, ಅದನ್ನೇ ಓದಲಿ. ಉಪಪ್ರಾಂಶುಪಾಲ ಗ್ರೇಡಿ ಲೂಮಿಸ್ ಮೂರು ವಾರ ಸತಾಯಿಸಿ, ಕೊನೆಗೆ ವಿನಾಯಿತಿ ಕಾಗದಕ್ಕೆ ಸಹಿ ಹಾಕಲು ಗುರುವಾರ ಮೂರು ಗಂಟೆಗೆ ಕರೆದ.

ಆವತ್ತು ಎರಡೂವರೆಗೆ ಲೊರೇನ್ ಮತ್ತು ಆಡ್ರಾ ಗ್ರಂಥಾಲಯದ ಮೂಲೆಯಲ್ಲಿ ಕೂತಿದ್ದರು. ಆಡ್ರಾ ತಟ್ಟನೆ ಕೈಯೆತ್ತಿದಳು.

"ಸುಮ್ನಿರಿ ಮಿಸ್. ಸೆನ್ಯೋರಾ ಮೈಕ್ ಆಫ್ ಮಾಡಿಲ್ಲ."

ಸ್ಪ್ಯಾನಿಷ್ ಟೀಚರ್ ಪಿಟ್ಮನ್‌ಳನ್ನು ಮಕ್ಕಳು ಸೆನ್ಯೋರಾ ಎಂದೇ ಕರೆಯುವುದು. ಪಾಠದ ಹೊತ್ತಿಗೆ ಆಕೆ ಕೊರಳಿಗೆ ಹಾಕಿಕೊಳ್ಳುವ ಪುಟ್ಟ ಮೈಕಿನಿಂದ ಮಾತು ಗದ್ದಲವಿಲ್ಲದೆ ನೇರ ಆಡ್ರಾಳ ಕಿವಿಯ ಯಂತ್ರಕ್ಕೆ ಬರುತ್ತದೆ; ಇಂಗ್ಲಿಷಾದರೆ ತುಟಿ ಕಾಣದೆಯೂ ತಿಳಿಯುತ್ತದೆ. ಅದನ್ನು ಆರಿಸಲು ಮರೆಯದ ಟೀಚರು ಇನ್ನೂ ಹುಟ್ಟಿಲ್ಲ. ಅವರು ಮೂಗು ಸೀನಿದ್ದು, ಗಂಡನ ಹತ್ತಿರ ಜಗಳವಾಡಿದ್ದು ಎಲ್ಲ ಇಂಥ ಮಕ್ಕಳಿಗೆ ಗೊತ್ತು. ಹೇಳುವುದಿಲ್ಲ ಅಷ್ಟೇ.

"ಅವರ ಪಕ್ಕದಲ್ಲಿ ಲೂಮಿಸ್ ಇದಾರೆ" ಎಂದಳು ಆಡ್ರಾ. ಅವಳ ಮುಖ ಬಿಳಿಚಿತು, ಮರುಕ್ಷಣ ಕೆಂಪಾಯಿತು. ನೋಟ್‌ಬುಕ್ ಎಳೆದುಕೊಂಡು ಬರೆಯತೊಡಗಿದಳು.

"ಏನಂತೆ? ಹೇಳೇ" ಎಂದು ಲೊರೇನ್ ಎದ್ದಳು. ಆಡ್ರಾ ಅವಳ ತೋಳು ಹಿಡಿದು ಕೂರಿಸಿದಳು.

"ಈಗ ಹೋಗಿ ಕೂಗಾಡಿದ್ರೆ ಮೈಕ್ ಆಫ್ ಮಾಡ್ಕೋತಾರೆ. ಪೂರ್ತಿ ಕೇಳಿಸ್ಕೋತೀನಿ."

ಮೂರಕ್ಕೆ ಲೂಮಿಸ್ ತನ್ನ ಕೋಣೆಯಲ್ಲಿ ಪಿಟ್ಮನ್‌ಳನ್ನು ಪಕ್ಕಕ್ಕೆ ಕೂರಿಸಿಕೊಂಡು ಆಡ್ರಾಳ ಮುಂದೆ ಕಾಗದವನ್ನೂ ಪೆನ್ನನ್ನೂ ಇಟ್ಟ. ದನಿಯಲ್ಲಿ ಬೆಣ್ಣೆ.

"ನಿನ್ನ ಒಳ್ಳೇದಕ್ಕೇ ಕಣಮ್ಮ. ಈ ತಲೆನೋವು ಯಾಕೆ ಬೇಕು ಹೇಳು."

ಆಡ್ರಾ ಪೆನ್ನು ಮುಟ್ಟಲಿಲ್ಲ. ತನ್ನ ಹಾಳೆಯನ್ನು ಅವನ ಕಡೆ ತಳ್ಳಿದಳು. ಅದರ ತುಂಬ ಸ್ಪ್ಯಾನಿಷ್.

"ಏನಿದು?"

"ಲಿಸನಿಂಗ್ ಪರೀಕ್ಷೆ ಸರ್. ಕೇಳಿಸಿದ್ದನ್ನ ಸ್ಪ್ಯಾನಿಷ್‌ಗೆ ಹಾಕಿದೀನಿ."

ಲೂಮಿಸ್‌ಗೆ ಆ ಭಾಷೆ ಬಾರದು. ಹಾಳೆ ಪಿಟ್ಮನ್ ಕೈಗೆ ಹೋಯಿತು. ಆಕೆ ಎರಡು ಸಾಲು ಓದುವಷ್ಟರಲ್ಲಿ ಕೈ ಕೊರಳಿಗೆ ಹೋಯಿತು. ಮೈಕಿನ ಹಸಿರು ದೀಪ ಇನ್ನೂ ಉರಿಯುತ್ತಿತ್ತು.

"ಇಂಗ್ಲಿಷಲ್ಲಿ ಹೇಳಿ" ಎಂದಳು ಲೊರೇನ್. "ಜೋರಾಗಿ. ನಮಗೆ ಕಿವಿ ಮಂದ."

ಪಿಟ್ಮನ್ ಓದಿದಳು. "ಲೂಮಿಸ್ ಹೇಳಿದ್ದು: ಸಹಿ ಹಾಕಿಸಿ ಕೈ ತೊಳ್ಕೊಳ್ಳೋಣ. ಇಂಥವರೆಲ್ಲ ಎಲ್ಲಿ ಯೂನಿವರ್ಸಿಟಿಗೆ ಹೋಗ್ತಾರೆ. ಪಿಟ್ಮನ್ ಹೇಳಿದ್ದು: ಓದಿ ಹೇಳೋದಕ್ಕೆ ಕಾಲು ಗಂಟೆ ಸಾಕು ಸರ್. ಲೂಮಿಸ್: ಇವಳಿಗೆ ಓದಿದ್ರೆ ನಾಳೆ ಎಲ್ರೂ ಕೇಳ್ತಾರೆ. ಆ ಹುಡೆಕ್ ಒಂದಿಷ್ಟು ಕೂಗಾಡ್ತಾಳೆ, ಬಿಡಿ. ಕಿವುಡಿಗೆ ಕಿವುಡಿಯೇ ವಕೀಲೆ. ಪಿಟ್ಮನ್..." ಆಕೆ ನಿಂತಳು.

"ಮುಂದೆ ಓದಿ" ಎಂದಳು ಆಡ್ರಾ.

"ಪಿಟ್ಮನ್ ನಕ್ಕರು."

ಲೊರೇನ್‌ಗೆ ಮೈಯೆಲ್ಲ ಉರಿಯಿತು. ನಲವತ್ತಮೂರು ವರ್ಷ ಕಳೆದರೂ ಇವರ ಬಾಯಲ್ಲಿ ಅದೇ ಬೆಣ್ಣೆ, ಹೊಟ್ಟೆಯಲ್ಲಿ ಅದೇ ಅಸಡ್ಡೆ. ಬಾಯಿಗೆ ಬಂದ ಬೈಗುಳಗಳನ್ನು ಹಲ್ಲು ಕಚ್ಚಿ ತಡೆದುಕೊಂಡಳು. ಇದು ಹುಡುಗಿಯ ಸರದಿ.

ಲೂಮಿಸ್ ಕಿಟಕಿಯ ಕಡೆ ನೋಡುತ್ತಿದ್ದ. ಪಿಟ್ಮನ್ ಹಾಳೆ ಮಡಚಲಿಲ್ಲ. "ಸೋಮವಾರ ಎಂಟಕ್ಕೆ ಬಾ" ಎಂದಳು, ಅವನ ಮುಖ ನೋಡದೆ. "ಎದುರು ಕೂತು ನಾನೇ ಓದ್ತೀನಿ."

"ಬರ್ತೀನಿ. ಇದರಲ್ಲಿ ಏನಾದ್ರೂ ತಪ್ಪಿದೆಯಾ ಸೆನ್ಯೋರಾ?"

"ಒಂದು ಕಡೆ ಅಕ್ಷರದ ಮೇಲಿನ ಗೆರೆ ಬಿಟ್ಟಿದೀಯ."

"ಎಷ್ಟು ಕಳೀತೀರಿ?"

"ಅರ್ಧ ಅಂಕ."

"ಯಾವ ಪದದಲ್ಲಿ?"

ಪಿಟ್ಮನ್ ಹಾಳೆ ನೋಡಿದಳು. "ನಕ್ಕರು ಅನ್ನೋದರಲ್ಲಿ" ಎಂದಳು.