ಕರವಸ್ತ್ರ ಕಟ್ಟಿಕೊಂಡ ಸಮಿತಿ

ವಡೋದರಾದ ನಮ್ಮ ವಿಮಾ ಕಚೇರಿಗೆ ಗಾಜಿನ ಪರದೆಯ ಹಾಜರಿ ಯಂತ್ರ ಹಾಕಿಸುವುದೆಂದು ತೀರ್ಮಾನವಾದಾಗ ಅದಕ್ಕೊಂದು ಸಮಿತಿಯಾಯಿತು. ಅಧ್ಯಕ್ಷ ನಾನು. ಯಂತ್ರಗಳ ಬಗ್ಗೆ ನನಗಿದ್ದ ಜ್ಞಾನವೆಂದರೆ ಮನೆಯ ಮಿಕ್ಸರ್ ಕೆಟ್ಟಾಗ ಅದರ ತಲೆಗೆ ಎರಡು ಬಾರಿ ತಟ್ಟುವುದು. ಸೇವಾ ಹಿರಿತನದ ಮುಂದೆ ಅದೆಲ್ಲ ಗೌಣ.

ನಮ್ಮ ಟೆಲಿಫೋನ್ ಆಪರೇಟರ್ ಧಾರವಾಡದ ಕಡೆಯವರು, ಹುಟ್ಟಿನಿಂದ ಕಣ್ಣು ಕಾಣದವರು. ಹಾಜರಿ ಪುಸ್ತಕದ ಮೊದಲ ಸಾಲನ್ನು ಅವರಿಗೆಂದೇ ಬಿಡಲಾಗಿತ್ತು. ಸಹಿಯಷ್ಟುದ್ದದ ಸೀಳು ಕತ್ತರಿಸಿದ ರಟ್ಟಿನ ತುಂಡನ್ನು ಅದರ ಮೇಲಿಟ್ಟು, ಆ ಸೀಳಿನೊಳಗೆ ಇಪ್ಪತ್ತು ವರ್ಷ ತಾವೇ ಸಹಿ ಮಾಡಿದ್ದರು. ಸಮಿತಿಯ ಸುದ್ದಿ ಕೇಳಿ ನನ್ನ ಕೋಣೆಗೆ ಬಂದರು.

“ಸಾಹೇಬ್ರ, ಪಕ್ಕಾ ಆಗೂಕಿಂತ ಮೊದಲ ಒಮ್ಮೆ ನನ್ನ ಕೈಯಾಗ ಕೊಟ್ಟು ನೋಡ್ರಿ.”

“ನಿಮಗ್ಯಾಕೆ ಸುಮ್ನೆ ತೊಂದರೆ? ನಿಮ್ಮ ವಿಷಯ ನಾವೇ ನೋಡ್ಕೋತೀವಿ,” ಎಂದೆ. ಔದಾರ್ಯದಿಂದಲೇ ಎಂದೆ.

ನೋಡಿಕೊಂಡದ್ದು ಹೀಗೆ: ಸಮಿತಿಯ ನಾಲ್ವರೂ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು, ಒಬ್ಬರಾದ ಮೇಲೊಬ್ಬರು ಮಾದರಿಗೆಂದು ತಂದಿಟ್ಟ ಯಂತ್ರದ ಪರದೆಯ ಮೇಲೆ ನಮ್ಮ ನಮ್ಮ ನಂಬರು ಒತ್ತಿದೆವು. ಯಂತ್ರ ನಾಲ್ಕು ಸಲವೂ ಹಿಂದಿಯಲ್ಲಿ ಧನ್ಯವಾದ ಹೇಳಿತು. ದೃಷ್ಟಿಹೀನರೂ ಬಳಸಬಹುದೆಂದು ನಡಾವಳಿ ಬರೆದು, ಸಹಿ ಹಾಕಿ, ಸೇವ್ ಉಸಳ್ ತಿಂದು ಎದ್ದೆವು. ಬೆಳಗಿನಿಂದ ನೋಡಿ ನೋಡಿ ಅಂಕಿಗಳ ಜಾಗ ನಮಗೆ ಬಾಯಿಪಾಠವಾಗಿತ್ತೆಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಯಂತ್ರ ಗೋಡೆಗೇರಿದ ದಿನ ಆಪರೇಟರ್ ಅದರ ಗಾಜನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಸವರಿದರು.

“ಅಂಕಿ ಎಲ್ಲಿ ಅದಾವ್ರಿ? ಇದು ಎಲ್ಲಾ ಕಡೆ ನುಣ್ಣಗ ಐತಲ್ರಿ.”

ಬದಲಿಸಿಕೊಡಿ ಎಂದು ಮೇಲಿನ ಕಚೇರಿಗೆ ಬರೆದೆ. ಉತ್ತರವಾಗಿ ನಮ್ಮದೇ ನಡಾವಳಿಯ ಪ್ರತಿ ಬಂತು.

ಅಂದಿನಿಂದ ದಿನಾ ಬೆಳಿಗ್ಗೆ ಅವರ ನಂಬರು ಒತ್ತುವ ಕೆಲಸ ನನ್ನದಾಯಿತು. ಅವರು ಪಕ್ಕದಲ್ಲಿ, ಶಾಲೆಯಲ್ಲಿ ತಪ್ಪು ಮಾಡಿದವರಂತೆ ನಿಲ್ಲುತ್ತಿದ್ದರು. ತಪ್ಪು ಮಾಡಿದವನು ನಂಬರು ಒತ್ತುತ್ತಿದ್ದ.

ಒಮ್ಮೆ ಮೀಟಿಂಗಿಗೆಂದು ಎರಡು ದಿನ ಅಹಮದಾಬಾದಿಗೆ ಹೋಗಿ ಬಂದೆ. ಆ ಎರಡೂ ದಿನ ಅವರು ಟೆಲಿಫೋನ್ ಬೋರ್ಡಿನ ಮುಂದೆ ಕೂತು ಇಡೀ ಕಚೇರಿಯ ಕರೆಗಳನ್ನು ಜೋಡಿಸಿದ್ದರು. ಯಂತ್ರದ ಲೆಕ್ಕದಲ್ಲಿ ಮಾತ್ರ ಗೈರುಹಾಜರು.

“ಬೇರೆ ಯಾರಿಗಾದ್ರೂ ಹೇಳಬಾರದಿತ್ತೇ?”

“ನಿಮಗ ದಿನಾ ಹೇಳೂದ ಸಾಕಾಗೇತ್ರಿ.”

“ಇರಲಿ, ನೀವು ಹಾಜರಿದ್ದಿರಿ ಅಂತ ನಾನು ಬರೆದುಕೊಡ್ತೀನಿ.”

“ಬ್ಯಾಡ್ರಿ ಸಾಹೇಬ್ರ. ನೀವು ಮೊದಲ ಬರದದ್ದ ಸಾಕು.” ನಗುತ್ತಲೇ ಹೇಳಿದರು.

ಮಧ್ಯಾಹ್ನ, ದುಡಿದ ಆ ಎರಡು ದಿನಕ್ಕೆ ಅವರ ರಜೆ ಅರ್ಜಿ ನನ್ನ ಮೇಜಿಗೆ ಬಂತು. ಬಹಳ ಹೊತ್ತು ಇಟ್ಟುಕೊಂಡಿದ್ದೆ. ಕೊನೆಗೆ ಮಂಜೂರು ಮಾಡಿದೆ.